ಯಾರನ್ನು ಕಾಣಬೇಕು? ಎಲ್ಲರನ್ನೂ

ಕಿವಿಗೆ ಬಿದ್ದ ದನಿಗೆಲ್ಲ ಒಂದೊಂದು ಮುಖ ಹಚ್ಚಿಕೊಳ್ಳುವ ಚಟ ನನಗಿದೆ. ಎಲೆ ಅಡಿಕೆ, ನಶ್ಯ, ಲಾಟರಿ ಟಿಕೆಟ್ಟು ಎಂದು ಒಬ್ಬೊಬ್ಬರಿಗೆ ಒಂದೊಂದು ಚಟ ಅಂಟಿಕೊಂಡಿರುತ್ತದೆ. ಅವನ್ನು ಬಿಡಿಸುವುದಕ್ಕೆ ಮನೆಯವರಿದ್ದಾರೆ, ಡಾಕ್ಟರಿದ್ದಾರೆ, ಹರಕೆಗಳಿವೆ. ನನ್ನ ಚಟ ಹೊರಗೆ ಕಾಣಿಸುವುದಿಲ್ಲವಾದ್ದರಿಂದ ಬಿಡಿಸುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅದಕ್ಕೆ ಸರಿಯಾಗಿ ನನಗೆ ಸಿಕ್ಕ ಕೆಲಸವೂ ಅಂಥದ್ದೇ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ತೋಟಗಳಿಂದ ಬರುವ ಕಾಫಿಯ ಸಿಪ್ಪೆ ತೆಗೆದು, ಬೀಜ ಬೇರ್ಪಡಿಸಿ, ಮೂಟೆ ಕಟ್ಟಿ ಕಳಿಸುವ ಜಾಗ ಅದು. ದಿನವಿಡೀ ಯಂತ್ರಗಳ ಗುಂಯ್ ಸದ್ದು, ಗಾಳಿಯಲ್ಲಿ ಹೊಟ್ಟಿನ ದೂಳು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ನಾನು, ನನ್ನ ಬೋರ್ಡು. ಯಾವ ತೋಟದವರು ಎಲ್ಲಿಂದ ಫೋನ್ ಮಾಡಿದರೂ ಮೊದಲು ನನ್ನ ಕಿವಿಗೆ ಬಂದೇ ಮುಂದಕ್ಕೆ ಹೋಗಬೇಕಿತ್ತು.

ಹೀಗೆ ಬಂದ ದನಿಗಳಿಗೆಲ್ಲ ನಾನು ಕೂತಲ್ಲೇ ಮುಖ ಕೊಡುತ್ತಿದ್ದೆ. ಗೋಣಿಬೀಡಿನ ಕಡೆಯ ಒಬ್ಬ ಪ್ಲಾಂಟರ ದನಿ ಗುಡುಗಿನದ್ದು. ಅವರಿಗೆ ಆರಡಿ ಎತ್ತರ, ಕಿವಿಯವರೆಗೆ ಮೀಸೆ, ಕೈಯಲ್ಲಿ ಬೆತ್ತ ಎಲ್ಲ ಕೊಟ್ಟಿದ್ದೆ. ಒಂದು ದಿನ ಅವರೇ ಖುದ್ದಾಗಿ ಬಂದರು. ಬೆಲ್ಟಿನ ಕೊನೆಯ ತೂತಿಗೆ ಬಿಗಿದರೂ ಪ್ಯಾಂಟು ನಿಲ್ಲದಂಥ ಮನುಷ್ಯ. ಹೆಸರು ಹೇಳಿದರೂ ನಾನು ನಂಬದೆ, ಸಾಹೇಬರು ಯಾವಾಗ ಬರುತ್ತಾರೆ ಎಂದು ಅವರನ್ನೇ ಕೇಳಿ, ಆಮೇಲೆ ಒಂದು ವಾರ ಅವರ ಫೋನು ಬಂದಾಗಲೆಲ್ಲ ಉಸಿರು ಬಿಗಿಹಿಡಿದು ಜೋಡಿಸಿದೆ. ಕನಸು ಕಾಣುತ್ತ ಕೂತವಳಿಗೆ ಕೈ ಎಲ್ಲಿರುತ್ತದೆ ಎಂಬ ಜ್ಞಾನವಿರುವುದಿಲ್ಲ. ಒಮ್ಮೆ ಮ್ಯಾನೇಜರು, ತೋಟಗಳ ಕಾಫಿ ಬಂದು ಸೇರುವ ನಮ್ಮ ಮೂಡಿಗೆರೆ ಡಿಪೋ ಕೇಳಿದರೆ ನಾನು ಅವರ ಅತ್ತೆಯ ಮನೆಗೆ ಜೋಡಿಸಿಬಿಟ್ಟೆ. "ಒಣಗಿದ್ಯೋ ಇಲ್ವೋ, ಒಂದೇ ಮಾತಲ್ಲಿ ಹೇಳಿ" ಎಂದು ಇವರು ಗದರಿಸಿದರಂತೆ. ಅತ್ತೆಯವರು ಗಾಬರಿಯಾಗಿ "ಇನ್ನೊಂದು ಬಿಸಿಲು ಬೇಕು ಅಳಿಯಂದ್ರೆ, ಸಂಡಿಗೆ ನಾಡಿದ್ದು ಕಳಿಸ್ತೀನಿ" ಎಂದರಂತೆ. ಕೆಲಸ ಹೋಗಲಿಲ್ಲ, ಸಂಡಿಗೆಯಲ್ಲಿ ನನಗೂ ಒಂದು ಪಾಲು ಬಂತು.

ನಮ್ಮ ಮನೆಯವರ ವಿಷಯ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಅವರು ಒಳ್ಳೆಯವರು, ಆದರೆ ಮಾತು ಕಡಿಮೆ. ಮನೆಯಲ್ಲಿ ಮುಖವಿದೆ, ದನಿಯಿಲ್ಲ. ಆಫೀಸಿನಲ್ಲಿ ದನಿಯಿದೆ, ಮುಖವಿಲ್ಲ. ಎರಡನ್ನೂ ಸೇರಿಸಿ ಹೇಗೋ ಸಂಸಾರ ತೂಗಿಸಿಕೊಂಡು ಬಂದೆ.

ಈ ದನಿಗಳಲ್ಲೆಲ್ಲ ನನಗೆ ತುಂಬ ಹಿಡಿಸಿದ್ದು ಕಳಸ ಡಿಪೋದ ರೈಟರ್ ನಾಗಭೂಷಣ್ ಅವರದು. ರೈಟರ್ ಎಂದರೆ ನಮ್ಮಲ್ಲಿ ಕಥೆ ಬರೆಯುವವರಲ್ಲ, ಲೆಕ್ಕ ಪತ್ರ ಬರೆಯುವವರು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಅವರ ಫೋನು. "ಕಳಸ ಡಿಪೋ ಮೇಡಂ. ಬೆಳಿಗ್ಗೆಯಿಂದ ಮಂಜು ಉಂಟು. ಈಗ ಸ್ವಲ್ಪ ತೆರೀತಾ ಉಂಟು." ಮೊದಲು ಆಕಾಶದ ವರದಿ, ಆಮೇಲೆ ಮೂಟೆಯ ವರದಿ. ಮೆತ್ತನೆಯ, ಸ್ವಲ್ಪ ದಣಿದ, ಯಾವುದಕ್ಕೂ ಅವಸರವಿಲ್ಲದ ದನಿ. ಅದಕ್ಕೆ ನಾನು ಎತ್ತರದ, ತೆಳ್ಳನೆಯ, ಕಿವಿಯ ಪಕ್ಕ ಎರಡೇ ಎರಡು ನರೆಗೂದಲಿನ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯನನ್ನು ಮಾಡಿಕೊಂಡಿದ್ದೆ. ಕಣ್ಣಲ್ಲಿ ಒಂದಿಷ್ಟು ವಿಷಾದ ಬೇಕೆನಿಸಿ ಅದನ್ನೂ ಇಟ್ಟಿದ್ದೆ. ಹದಿನೇಳು ವರ್ಷ ಹೀಗೆ ಮಾತಾಡಿದರೂ ನಾವು ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅವರು ಇಲ್ಲಿಗೆ ಬಂದದ್ದು ಒಂದೇ ಸಲ, ಆ ದಿನ ನನಗೆ ರಜೆ. ಮರುದಿನ ಬಂದು ನನ್ನ ಸ್ಟೂಲಿನ ಮೇಲೆ ಅವರು ಕೂತಿದ್ದರಂತೆ ಎಂದು ಕೇಳಿ ಅದನ್ನು ಒಂದು ಗಳಿಗೆ ನೋಡಿದೆ.

ಎರಡು ಸಾವಿರದ ಆರೋ ಏಳೋ ಇಸವಿ ಇರಬೇಕು, ಬೆಂಗಳೂರಿನ ನಮ್ಮ ಹೆಡ್ ಆಫೀಸಿಗೆ ಹೊಸ ಡೈರೆಕ್ಟರು ಬಂದರು. ಬಂದವರೇ ಇನ್ನು ಮೇಲೆ ಮೀಟಿಂಗೆಲ್ಲ ವಿಡಿಯೋ ಕಾನ್ಫರೆನ್ಸಿನಲ್ಲಿ ಎಂದರು. ನಮ್ಮ ಗೋಡೌನಿನ ಶೀಟು ಸೋರುತ್ತಿದೆ ಎಂದು ಎರಡು ವರ್ಷದಿಂದ ಬರೆಯುತ್ತಿದ್ದೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ ಶೀಟಿನ ಬದಲು ಮೂರು ಯಂತ್ರ ಬಂದವು. ಒಂದು ನಮಗೆ, ಒಂದು ಮೂಡಿಗೆರೆ ಡಿಪೋಗೆ, ಒಂದು ಕಳಸಕ್ಕೆ. ಜೊತೆಗೆ ಒಂದು ಕಾಗದ. ಅದರ ಕೊನೆಯ ಸಾಲು ಹೀಗಿತ್ತು: ಮೊದಲ ಮೀಟಿಂಗಿನಲ್ಲಿ ಯಾವ ಡಿಪೋ ಸಂಪರ್ಕಕ್ಕೆ ಸಿಗುವುದಿಲ್ಲವೋ ಅದನ್ನು ಇನ್ನೊಂದು ಡಿಪೋದೊಂದಿಗೆ ವಿಲೀನಗೊಳಿಸಲಾಗುವುದು. ಇದು ಯಾರನ್ನು ಕುರಿತು ಬರೆದದ್ದೆಂದು ಎಲ್ಲರಿಗೂ ಗೊತ್ತಿತ್ತು. ಕಳಸದ ಫೋನು ವರ್ಷದಲ್ಲಿ ಮೂರು ತಿಂಗಳು ಸತ್ತೇ ಇರುತ್ತಿತ್ತು.

ಮರುದಿನ ಹನ್ನೊಂದಕ್ಕೆ ಬಂದ ಕಳಸದ ದನಿಯಲ್ಲಿ ಆಕಾಶದ ವರದಿಯೇ ಇರಲಿಲ್ಲ. "ನನಗೆಂತ ಮೇಡಂ, ಮುಚ್ಚಿದ್ರೆ ಒಂದು ಪೆಟ್ಟಿಗೆ ಹಿಡ್ಕೊಂಡು ಮೂಡಿಗೆರೆಗೆ ಬರ್ತೇನೆ" ಎಂದರು ನಾಗಭೂಷಣ್. "ಈ ಸಣ್ಣ ತೋಟದವ್ರು ಎಂತ ಮಾಡ್ತಾರೆ ಹೇಳಿ. ನಾಲ್ಕು ಮೂಟೆ, ಐದು ಮೂಟೆ ಇರೋರು. ಅಷ್ಟು ತಿರುವು ಹತ್ತಿ ಇಳಿದು ಮೂಡಿಗೆರೆಗೆ ತರ್ಲಿಕ್ಕೆ ಆಗ್ತದಾ ಅವ್ರಿಗೆ? ನೀವೇ ಎಂತಾದ್ರೂ ಮಾಡ್ಬೇಕು ಮಾರಾಯ್ರೆ." ಆಗಲಿ ಎಂದೆ. ಯಾಕೆಂದರೆ ಆ ಯಂತ್ರದ ಜವಾಬ್ದಾರಿ ಅಷ್ಟು ಹೊತ್ತಿಗೆ ನನ್ನ ತಲೆಗೇ ಬಂದಿತ್ತು. "ಸುಲೋಚನಮ್ಮ, ಕಾಲ್ ಜೋಡ್ಸೋದು ನಿಮ್ಮ ಕೆಲ್ಸ ತಾನೆ? ಇದೂ ಕಾಲೇ. ಮುಖ ಕಾಣತ್ತೆ, ಅಷ್ಟೆ ವ್ಯತ್ಯಾಸ" ಎಂದಿದ್ದರು ಮ್ಯಾನೇಜರು. ಅಷ್ಟೇ ವ್ಯತ್ಯಾಸ ಎಂದು ಅವರು ಎಷ್ಟು ಸಲೀಸಾಗಿ ಹೇಳಿದರು! ಆ ರಾತ್ರಿಯ ಅಡುಗೆಗೆ ನಾನು ಎರಡು ಸಲ ಉಪ್ಪು ಹಾಕಿದೆ.

ಹೇಳಿಕೊಡುವವರು ಹೆಡ್ ಆಫೀಸಿನ ಒಬ್ಬ ಇಂಜಿನಿಯರು, ಅದೂ ಫೋನಿನಲ್ಲೇ. ಹುಡುಗುತನ ಬಿಡದ ದನಿ. ನೀರು ಹಚ್ಚಿ ಬಾಚಿದ ತಲೆಯೊಂದನ್ನು ಅವರಿಗೆ ಕೊಟ್ಟುಕೊಂಡೆ. "ಮೇಡಂ, ಫಸ್ಟು ಡಿವೈಸ್‌ನ ಗೇಟ್‌ಕೀಪರ್ ಹತ್ರ ರಿಜಿಸ್ಟರ್ ಮಾಡ್ಸಿ. ಅದಾಗ್ದೆ ಒಂದು ಕಾಲೂ ಬರಲ್ಲ, ಹೋಗಲ್ಲ" ಎಂದರು. ಇದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮ ವರ್ಕ್ಸಿನಲ್ಲಿ ಒಂದು ಪೊರಕೆ ಒಳಗೆ ಬರಬೇಕಾದರೂ ಗೇಟಿನ ರುದ್ರಪ್ಪನವರ ಪುಸ್ತಕದಲ್ಲಿ ಹೆಸರು ಬರೆಸಬೇಕು. ಅವರ ಸಂಬಳದ ಚೀಟಿಯಲ್ಲಿ ಗೇಟ್‌ಕೀಪರ್ ಎಂದೇ ಅಚ್ಚಾಗಿತ್ತು. ಹೆಡ್ ಆಫೀಸಿನವರಿಗೂ ರುದ್ರಪ್ಪನವರ ಮಹತ್ವ ತಿಳಿದಿದೆಯಲ್ಲ ಎಂದು ಸಂತೋಷವೇ ಆಯಿತು.

ಇಬ್ಬರು ಆಳುಗಳ ಕೈಲಿ ಯಂತ್ರವನ್ನು ಹೊರಿಸಿ, ಮೇಲೆ ನನ್ನ ಶಾಲು ಹೊದಿಸಿ ಗೇಟಿಗೆ ಒಯ್ದೆ. ರುದ್ರಪ್ಪನವರು ಕನ್ನಡಕ ಏರಿಸಿ ಪುಸ್ತಕ ತೆರೆದರು. ಹೆಸರು? ಪೆಟ್ಟಿಗೆಯ ಮೇಲಿದ್ದುದನ್ನು ಓದಿದೆ. ಊರು? ಪೆಟ್ಟಿಗೆಯ ಮೇಲೆ ನಾರ್ವೆ ಎಂದಿತ್ತು. "ನಾರ್ವೆ ಅಂದ್ರೆ ಕೊಪ್ಪದ ಹತ್ರದ್ದು. ನಮ್ಮ ಭಾವನ ಊರು" ಎಂದರು ರುದ್ರಪ್ಪ. ಇದು ಬೇರೆ ನಾರ್ವೆ ಎಂದೆ. "ಬೇರೆ ಎಲ್ಲಿದೆ? ನಾರ್ವೆ ಇರೋದು ಒಂದೇ" ಎಂದು ಅವರು ಕೊಪ್ಪ ತಾಲೂಕು ಸೇರಿಸಿಯೇ ಬರೆದರು. ಕೊನೆಯ ಕಾಲಮ್ಮು, ಯಾರನ್ನು ಕಾಣಬೇಕು ಎಂಬುದು. ಪೆನ್ನು ಎತ್ತಿ ನನ್ನ ಮುಖ ನೋಡಿದರು. ನಾನು ಸ್ವಲ್ಪ ಹೊತ್ತು ಯೋಚಿಸಿ "ಎಲ್ಲರನ್ನೂ" ಎಂದೆ. ಅವರು ಅದನ್ನೂ ಬರೆದು, ಯಂತ್ರದ ಪರವಾಗಿ ನನ್ನ ಸಹಿ ಹಾಕಿಸಿಕೊಂಡರು.

ಕಳಸಕ್ಕೂ ಹೀಗೇ ಮಾಡಿ ಎಂದು ಫೋನ್ ಮಾಡಿದೆ. "ಇಲ್ಲಿ ಗೇಟೇ ಇಲ್ವಲ್ಲ ಮೇಡಂ" ಎಂದರು ನಾಗಭೂಷಣ್. "ದನ ಬರ್ಬಾರ್ದು ಅಂತ ಒಂದು ಉಣುಗೋಲು ಉಂಟು. ನಾಲ್ಕು ಗಳ ಸರಿಸಿ ನಾವೇ ಒಳಗೆ ಬರೋದು. ಕೀಪರ್ ಅಂತ ಯಾರನ್ನು ಹೇಳೋದು?" ಹಾಗಾದರೆ ನೀವೇ ರೈಟರಲ್ಲವೇ, ನೀವೇ ಬರೆದುಕೊಳ್ಳಿ ಎಂದೆ. ಅವರು ಮೂಟೆ ದಾಖಲಿಸುವ ಪುಸ್ತಕದಲ್ಲಿ ಬರೆದುಕೊಂಡರು: ವಿಡಿಯೋ ಯಂತ್ರ ಒಂದು, ತೇವಾಂಶ ಇಲ್ಲ. ಆಗ ನಾನು ಹೆಮ್ಮೆಯಿಂದ ಇಂಜಿನಿಯರಿಗೆ ವರದಿ ಮಾಡಿದೆ. "ರಿಜಿಸ್ಟರ್ ಆಯ್ತು ಸಾರ್. ನಮ್ಮದು ಪುಟ ನೂರ ಹದಿನೆಂಟು." "ಯಾವ ಪುಟ ಮೇಡಂ?" ಎಂದರು ಅವರು.

ಅವರು ನಕ್ಕದ್ದನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ನಕ್ಕು ಮುಗಿಸಿ, ಗೇಟ್‌ಕೀಪರ್ ಎಂದರೆ ಮನುಷ್ಯನಲ್ಲ, ಬೆಂಗಳೂರಿನ ಒಂದು ಕಂಪ್ಯೂಟರಿನೊಳಗಿರುವ ಪ್ರೋಗ್ರಾಂ ಎಂದು ಬಿಡಿಸಿ ಹೇಳಿದರು. ಪ್ರತಿಯೊಂದು ಯಂತ್ರದ ಹೆಸರು, ನಂಬರು ಅದಕ್ಕೆ ಗೊತ್ತಿರುತ್ತದೆ. ಕಾಲ್ ಬಂದಾಗ ಯಾರು ಯಾರನ್ನು ಕೇಳುತ್ತಿದ್ದಾರೆ, ಅವರು ಎಲ್ಲಿದ್ದಾರೆ, ಇಲ್ಲದಿದ್ದರೆ ಯಾರಿಗೆ ಕೊಡಬೇಕು ಎಂದು ನೋಡಿ ಜೋಡಿಸುವುದು ಅದರ ಕೆಲಸ. ಕೇಳುತ್ತ ಕೇಳುತ್ತ ನನಗೆ ಏನೋ ಒಂಥರಾ ಆಯಿತು. "ಅಂದ್ರೆ ಆಪರೇಟರ್" ಎಂದೆ. ಅವರು ಯೋಚಿಸಿ "ಒಂಥರಾ ಹೌದು ಮೇಡಂ" ಎಂದರು. ಅದಕ್ಕೆ ಊಟದ ಬಿಡುವುಂಟೇ ಎಂದು ಕೇಳಿದೆ. ಇಲ್ಲವಂತೆ. ಬೆಂಗಳೂರಿನ ಯಾವುದೋ ತಣ್ಣನೆಯ ಕೋಣೆಯಲ್ಲಿ ಒಂದೇ ಸಮನೆ ಕೂತ ಆ ಅಕ್ಕನ ಬಗ್ಗೆ ಅಯ್ಯೋ ಅನ್ನಿಸಿತು. ಅವಳೂ ದನಿಗಳಿಗೆ ಮುಖ ಹಚ್ಚುತ್ತಾಳೆಯೇ ಎಂದು ಕೇಳುವ ಮನಸ್ಸಾಗಿತ್ತು, ತಡೆದುಕೊಂಡೆ.

ಆಮೇಲೆ ಕೆಲಸ ಹಗುರವಾಯಿತು. ಆಯಾ ಊರಿನವರೇ ರಿಮೋಟು ಹಿಡಿದು ಪರದೆಯ ಮೇಲೆ ಒಂದೊಂದೇ ಅಕ್ಷರ ಒತ್ತಿ ನಮ್ಮದಕ್ಕೆ ನೂರೊಂದು, ಮೂಡಿಗೆರೆಗೆ ನೂರೆರಡು, ಕಳಸಕ್ಕೆ ನೂರ ಮೂರು ಎಂದು ಹೆಸರು, ನಂಬರು ಹಾಕಿದ್ದಾಯಿತು. ನಮ್ಮದೂ ಮೂಡಿಗೆರೆಯದೂ ರಿಜಿಸ್ಟರ್ ಆದವು. ಇಲ್ಲೂ ನನ್ನ ಬುದ್ಧಿ ತೋರಿಸದೆ ಬಿಡಲಿಲ್ಲ. ಮೂಡಿಗೆರೆಯಲ್ಲಿ ಯಾರೂ ಎತ್ತದಿದ್ದರೆ ಕಾಲು ನಮಗೆ ಬರಲಿ, ನಾವು ಎತ್ತದಿದ್ದರೆ ಮೂಡಿಗೆರೆಗೆ ಹೋಗಲಿ ಎಂದು ಹೇಳಿ ಹಾಗೇ ಮಾಡಿಸಿದೆ. ಮಧ್ಯಾಹ್ನ ಎರಡೂ ಕಡೆಯವರು ಊಟಕ್ಕೆ ಹೋದಾಗ ಒಂದು ಕಾಲ್ ಬಂದು, ಊಟ ಮುಗಿಯುವ ತನಕ ಎರಡು ಊರಿನ ಮಧ್ಯೆ ಓಡಾಡುತ್ತಲೇ ಇತ್ತಂತೆ. ಇಂಜಿನಿಯರು ರೇಗಿದರು. ನನಗೆ ಮಾತ್ರ ಆ ಕಾಲಿನದೇ ಧ್ಯಾನ. ಅಷ್ಟೊಂದು ಸಲ ನಡುದಾರಿಯ ಆಲ್ದೂರು ದಾಟಿಯೂ ಇಳಿದು ಒಂದು ಕಾಫಿ ಕುಡಿಯಲಿಲ್ಲವಲ್ಲ, ಪಾಪ!

ಇನ್ನು ಟೆಸ್ಟಿಂಗ್. ಮೂಡಿಗೆರೆಗೆ ಕಾಲ್ ಜೋಡಿಸಿ ಬಿಟ್ಟರೆ ನಮ್ಮ ಪರದೆಯ ಮೇಲೆ ಅಲ್ಲಿಯ ಖಾಲಿ ಕೋಣೆ. ಒಂದು ಕುರ್ಚಿ, ಒಂದು ಕ್ಯಾಲೆಂಡರು, ಕಿಟಕಿಯಾಚೆ ಒಂದು ಸಿಲ್ವರ್ ಓಕ್ ಮರ. ಅಲ್ಲಿ ಗಾಳಿ ಬೀಸಿದರೆ ಮರ ಅಲುಗುವುದು ಇಲ್ಲಿ ಕಾಣುತ್ತಿತ್ತು. ಬಿಸಿಲು ಕುರ್ಚಿಯ ಕಾಲಿನಿಂದ ಹತ್ತಿ ಕೈಯ ಮೇಲೆ ಬಂದು ಕೂರುವವರೆಗೆ ನೋಡಿದೆ. ಒಬ್ಬ ಹೆಂಗಸು ಒಳಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಸುಮ್ಮನೆ ಕಿಟಕಿಯಾಚೆ ನೋಡಿ ಹೋದಳು. ತನ್ನನ್ನು ಯಾರೋ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿಲ್ಲ. ಬೇರೆಯವರ ಕಾಗದ ಓದಿದ ಹಾಗಾಯಿತು, ಆದರೂ ಕಣ್ಣು ಕೀಳಲಿಲ್ಲ. "ಏನು ನೋಡ್ತಾ ಇದೀರಿ?" ಎಂದು ಮ್ಯಾನೇಜರು ಬಾಗಿಲಲ್ಲಿ ನಿಂತು ಕೇಳಿದರು. "ಟೆಸ್ಟಿಂಗ್ ಸಾರ್" ಎಂದೆ. ಆ ವಾರ ಬಹಳ ಟೆಸ್ಟಿಂಗ್ ನಡೆಯಿತು.

ಕಳಸ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ನಂಬರು ಸರಿ, ಲೈನು ಸರಿ, ದೀಪ ಸರಿ. ಪರದೆಯ ಮೇಲೆ ನಾಟ್ ರಿಜಿಸ್ಟರ್ಡ್ ಎಂದೇ ಬರುತ್ತದೆ. ಮೂರು ದಿನ ಇಂಜಿನಿಯರು ಫೋನಿನಲ್ಲಿ ಹೇಳಿದ್ದನ್ನೆಲ್ಲ ನಾನು ಕಳಸಕ್ಕೆ ಹೇಳಿದೆ, ನಾಗಭೂಷಣ್ ಆರಿಸಿ ಹಚ್ಚಿದರು, ಹಚ್ಚಿ ಆರಿಸಿದರು. ಕೊನೆಗೆ "ಇದು ನಮ್ಮ ಹಣೇಲಿ ಬರೆದಿಲ್ಲ ಬಿಡಿ ಮೇಡಂ. ತೋಟದವ್ರಿಗೆ ಹ್ಯಾಂಗೆ ಹೇಳೋದು ಅಂತ ಯೋಚ್ನೆ" ಎಂದರು. ಆ ದನಿ ಕೇಳಿ ನನಗೆ ಅಳು ಬಂತು. ನಿಜ ಹೇಳಬೇಕೆಂದರೆ ನನ್ನ ಅಳುವಿನಲ್ಲಿ ಸಣ್ಣ ತೋಟದವರ ಪಾಲು ಅರ್ಧ. ಉಳಿದರ್ಧ, ಹನ್ನೊಂದು ಗಂಟೆಯ ಆ ಮಂಜು, ಆ ಬಿಸಿಲು ಇನ್ನು ಬರುವುದಿಲ್ಲವಲ್ಲ ಎಂಬುದಕ್ಕೆ. ಡಿಪೋ ಮುಚ್ಚಿದರೆ ಕಳಸದ ಆಕಾಶ ಹೇಗಿದೆ ಎಂದು ನನಗೆ ಹೇಳುವವರು ಯಾರು?

ಮೀಟಿಂಗು ಶನಿವಾರ ಹನ್ನೊಂದಕ್ಕೆ. ಆ ದಿನ ಗಂಧದ ಬಣ್ಣದ ಸೀರೆ ಉಟ್ಟೆ. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ, ಕಳಸ ಒಂದು ವೇಳೆ ಸಿಕ್ಕಿಬಿಟ್ಟರೆ ಮುಖ ಕಾಣಲೇಬೇಕಲ್ಲ. ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ "ಯಾರ ಮದುವೆ?" ಎಂದರು. ಆ ತಿಂಗಳಲ್ಲಿ ಅವರಾಡಿದ ಉದ್ದದ ಮಾತುಗಳಲ್ಲಿ ಅದೂ ಒಂದು. ಹತ್ತೂಕಾಲಿಗೆ ವರ್ಕ್ಸಿನ ಗೇಟು ತಲುಪಿದರೆ ರುದ್ರಪ್ಪನವರು ಒಂದು ಲಾರಿಯನ್ನು ತಡೆದು ನಿಲ್ಲಿಸಿಕೊಂಡು ಜಗಳ ಕಾಯುತ್ತಿದ್ದರು. ಬಿಡಿ ರುದ್ರಪ್ಪನವರೇ, ದಿನಾ ಬರುವ ಲಾರಿಯಲ್ಲವೇ ಎಂದೆ. "ಲಾರಿ ಗೊತ್ತು, ಡ್ರೈವರೂ ಗೊತ್ತು ಅಮ್ಮ. ಚೀಟೀಲಿ ಒಂದು ಹೆಸರು, ಲಾರಿ ಮೇಲೆ ಒಂದು ಹೆಸರು. ಹೆಸರು ಕೂಡ್ಲಿಲ್ಲ ಅಂದ್ರೆ ನಮ್ಮಪ್ಪ ಬಂದ್ರೂ ಬಿಡಲ್ಲ" ಎಂದರು.

ನಾನು ಅಲ್ಲಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಬೋರ್ಡಿನಲ್ಲಿ ಕಳಸ ಹಿಡಿದು "ನಾಗಭೂಷಣ್, ಯಂತ್ರದಲ್ಲಿ ನೇಮ್ ಅಂತ ಕೇಳಿದ ಕಡೆ ಏನು ಬರೆದಿದ್ದೀರಿ?" ಎಂದೆ. "ಹೆಸರು ಕೇಳಿತು, ಬರೆದೆ ಮೇಡಂ" ಎಂದರು. ಏನೆಂದು? "ನಾಗಭೂಷಣ್ ಅಂತ. ಮುಂದೆ ರೈಟರ್ ಅಂತಾನೂ ಹಾಕಿದ್ದೇನೆ." ಬೆಂಗಳೂರಿನ ಅಕ್ಕನ ಪುಸ್ತಕದಲ್ಲಿ ಇದ್ದದ್ದು ಕಳಸ ಎಂಬ ಹೆಸರು, ನಾಗಭೂಷಣ್ ಎಂಬ ಯಾರೋ ಬಂದು ನಿಂತರೆ ಅವಳಾದರೂ ಹೇಗೆ ಬಿಟ್ಟಾಳು? ತಮ್ಮ ಹೆಸರನ್ನು ಅಳಿಸಿ ಊರಿನ ಹೆಸರು ಹಾಕಿ ಎಂದೆ. ಒಂದೊಂದೇ ಅಕ್ಷರ ಒತ್ತುವುದು ನನಗೆ ಫೋನಿನಲ್ಲಿ ಕೇಳಿಸುತ್ತಿತ್ತು. ಹನ್ನೊಂದಕ್ಕೆ ಏಳು ನಿಮಿಷ ಇರುವಾಗ ಅವರು ಸಣ್ಣಗೆ "ರಿಜಿಸ್ಟರ್ಡ್ ಅಂತ ಬಂತು ಮಾರಾಯ್ರೆ" ಎಂದರು. ನಾನು ಸಿಕ್ಕಿಸಿದ ಸೆರಗು ಬಿಡಿಸಿಕೊಂಡು ಮೀಟಿಂಗಿನ ಕೋಣೆಗೆ ಹೋದೆ.

ಮೀಟಿಂಗಿನಲ್ಲಿ ನನ್ನ ಜಾಗ ಕ್ಯಾಮೆರಾಕ್ಕೆ ಕಾಣದ ಮೂಲೆ. ಕೇಳುವ ತನಕ ನಮ್ಮ ದನಿ ಆಚೆ ಹೋಗಬಾರದು, ಮ್ಯೂಟ್ ಒತ್ತಿಟ್ಟಿರಿ ಎಂದು ಮ್ಯಾನೇಜರ ಅಪ್ಪಣೆ. ಪರದೆ ನಾಲ್ಕು ಭಾಗವಾಯಿತು. ಬೆಂಗಳೂರು ಬಂತು, ನಾವು ಬಂದೆವು, ಮೂಡಿಗೆರೆ ಬಂತು. ನಾಲ್ಕನೆಯ ಚೌಕ ಕಪ್ಪಾಗಿಯೇ ಇತ್ತು. ಆಮೇಲೆ ಅದು ಮೆಲ್ಲಗೆ ಬೆಳಕಾಯಿತು.

ಗುಂಡಗಿನ, ಗಿಡ್ಡ ಮನುಷ್ಯ. ಕತ್ತೇ ಕಾಣದಂತೆ ಮಫ್ಲರು, ಮೇಲೆ ಮಂಗನ ಟೋಪಿ, ಕೈಯಲ್ಲಿ ಹೆಣೆದ ಹಳದಿ ಸ್ವೆಟರು. ಎರಡು ನರೆಗೂದಲು ಇರಬೇಕಾದ ಜಾಗದಲ್ಲಿ ಟೋಪಿಯ ಅಂಚು. ಕಣ್ಣಲ್ಲಿ ವಿಷಾದದ ಸುಳಿವಿಲ್ಲ; ಜಾತ್ರೆಗೆ ಬಂದವರಂತೆ ನಾಲ್ಕೂ ದಿಕ್ಕಿಗೆ ನೋಡುತ್ತಿದ್ದರು. ಹದಿನೇಳು ವರ್ಷ ನಾನು ಇಸ್ತ್ರಿ ಮಾಡಿಟ್ಟಿದ್ದ ಆ ಬಿಳಿ ಅಂಗಿಯ ಮನುಷ್ಯ ಅಲ್ಲೇ ಕಣ್ಣೆದುರಿಗೇ ಇಲ್ಲವಾದರು. ದುಃಖವಾಯಿತು. ಹೇಳಿಕೊಳ್ಳಲು ನಾಚಿಕೆಯಾದರೂ ನಿಜವಾಗಿಯೂ ದುಃಖವಾಯಿತು. ಅಷ್ಟರಲ್ಲಿ ಆ ಮುಖ ಬಾಯಿ ತೆರೆದು, ಅದೇ ದಣಿದ ಮೆತ್ತನೆಯ ದನಿಯಲ್ಲಿ "ಕಳಸ ಡಿಪೋ ಸಾರ್. ಬೆಳಿಗ್ಗೆಯಿಂದ ಮಂಜು ಉಂಟು, ಈಗ ತೆರೀತಾ ಉಂಟು" ಎಂದಿತು. ಡೈರೆಕ್ಟರು ನಕ್ಕರು. "ಮೂಡಿಗೆರೆಗಿಂತ ಕಳಸವೇ ಚೆನ್ನಾಗಿ ಕಾಣ್ತಿದೆಯಲ್ಲ. ಇರಲಿ ಬಿಡಿ ಅದು" ಎಂದು ಮುಂದಿನ ವಿಷಯಕ್ಕೆ ಹೋದರು. ಒಂದು ಡಿಪೋ ಉಳಿದದ್ದು ಇಷ್ಟೇ ಮಾತಿನಲ್ಲಿ.

ಮೀಟಿಂಗು ಮುಗಿದು ಬೆಂಗಳೂರು ಹೋಯಿತು, ಮೂಡಿಗೆರೆ ಹೋಯಿತು. ಮ್ಯಾನೇಜರೂ ಎದ್ದು ಹೋದರು. ಕಳಸ ಒಂದೇ ಪರದೆಯ ತುಂಬ ಉಳಿಯಿತು, ಆರಿಸುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಮನಸ್ಸು ಗಟ್ಟಿಮಾಡಿಕೊಂಡೆ. ಮುಖದಲ್ಲೇನಿದೆ, ಮನುಷ್ಯ ಒಳ್ಳೆಯವರು, ಇಷ್ಟು ದೊಡ್ಡ ಮನಸ್ಸು ನಾನು ಮಾಡದಿದ್ದರೆ ಹೇಗೆ ಎಂದುಕೊಂಡು, ಸೀರೆಯ ನೆರಿಗೆ ಸರಿಪಡಿಸಿ, ಕ್ಯಾಮೆರಾದ ಎದುರಿಗೆ ಹೋಗಿ ನಿಂತೆ. "ನಾಗಭೂಷಣ್, ಗೆದ್ದಿರಲ್ಲ" ಎಂದೆ. ಮ್ಯೂಟ್ ತೆಗೆದಿರಲಿಲ್ಲ.

ಅವರು ನನ್ನನ್ನು ನೋಡಿದರು. ಯಾರೋ ಗೊತ್ತಿಲ್ಲದವರಿಗೆ ತೋರಿಸುವ ಮರ್ಯಾದೆಯಿಂದ ಟೋಪಿ ತೆಗೆದು, "ಅಮ್ಮಾ, ಅಲ್ಲಿ ಸುಲೋಚನಾ ಮೇಡಂ ಇದ್ರೆ ಸ್ವಲ್ಪ ಕರೀತೀರಾ? ಅವ್ರಿಗೊಂದು ಮಾತು ಹೇಳ್ಬೇಕಿತ್ತು" ಎಂದರು.

ನಾನು ಆಗಲಿ ಎಂದು ತಲೆಯಾಡಿಸಿದೆ. ಮೆಲ್ಲಗೆ ಸರಿದು ನನ್ನ ಮೂಲೆಗೆ ಬಂದು, ಮ್ಯೂಟ್ ತೆಗೆದು, "ಹೇಳಿ ನಾಗಭೂಷಣ್" ಎಂದೆ. ಆ ಗುಂಡು ಮುಖ ಅರಳಿತು. ಪರದೆಯಲ್ಲಿ ಏನೂ ಕಾಣದಿದ್ದರೂ ಎಷ್ಟೋ ಕಂಡವರಂತೆ ಅವರು ನೋಡುತ್ತಿದ್ದರು. "ಈಗ ಬಂದ್ರಾ ಮೇಡಂ. ನಿಮ್ಮಿಂದ ಉಳೀತು ನೋಡಿ" ಎಂದರು. ಆಮೇಲೆ, "ಆಗ ಇಲ್ಲಿ ಬಂದು ನಿಂತವ್ರು ಯಾರು?" ಎಂದು ಕೇಳಿದರು.

"ಅಕೌಂಟ್ಸ್‌ನವರು" ಎಂದೆ.

"ಪಾಪ, ಎಂತದೋ ಹೇಳ್ತಾ ಇದ್ರು. ಒಳ್ಳೆಯವ್ರ ಹಾಗೆ ಕಂಡ್ರು" ಎಂದರು ನಾಗಭೂಷಣ್.

ನಾನು ರಿಟೈರ್ ಆಗುವ ತನಕ ಪ್ರತಿ ಮೀಟಿಂಗಿನಲ್ಲೂ ಆ ಮೂಲೆಯಲ್ಲೇ ಕೂತೆ, ಒಂದು ಸಲವೂ ಚೌಕದೊಳಕ್ಕೆ ಹೋಗಲಿಲ್ಲ. ಅವರು ಹದಿನೇಳು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಸುಲೋಚನಾ ಹೇಗಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಲು ಚೆಲುವೆಯೇ ಇದ್ದಿರಬೇಕು. ಅವಳನ್ನು ನೆನೆದರೆ ನನಗೆ ಈಗಲೂ ಸ್ವಲ್ಪ ಹೊಟ್ಟೆಕಿಚ್ಚು.